ಹಂಪಿ: ಪ್ರವಾಸೋದ್ಯಮ ಮತ್ತು ಸ್ಥಳೀಯರ ಜೀವನೋಪಾಯ

ತುಂಗಭದ್ರೆಯ ದಂಡೆಯಲ್ಲಿರುವ ಹಂಪಿಯು ವಿಜಯನಗರ ಸಾಮ್ರಾಜ್ಯದ ರಾಜಧಾನಿಯಾಗಿದ್ದ ಸ್ಥಳ. ಇಲ್ಲಿನ ಸ್ಮಾರಕ ಸಮೂಹವನ್ನು ಯುನೆಸ್ಕೊ 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆನಂತರ ಪ್ರವಾಸೋದ್ಯಮವು ಹಂಪಿ, ಕಮಲಾಪುರ, ಆನೆಗೊಂದಿ ಹಾಗೂ ಹೊಸಪೇಟೆಯ ಜನರ ಮುಖ್ಯ ಜೀವನಾಧಾರಗಳಲ್ಲಿ ಒಂದಾಗಿ ಬೆಳೆದಿದೆ. ಆದರೆ ಪ್ರವಾಸಿಗರ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಸ್ಮಾರಕಗಳ ನೆರೆಯಲ್ಲಿ ಬದುಕುವವರ ಆದಾಯ ಹೆಚ್ಚುವುದಿಲ್ಲ. ಬಂದವರು ರಾತ್ರಿ ಎಲ್ಲಿ ತಂಗುತ್ತಾರೆ ಎಂಬುದೇ ಇಲ್ಲಿ ನಿರ್ಣಾಯಕ ಸಂಗತಿ.

ಹಣದ ಹರಿವು

ಸ್ಮಾರಕಗಳ ಪ್ರವೇಶ ಶುಲ್ಕ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಮೂಲಕ ಕೇಂದ್ರ ಸರ್ಕಾರಕ್ಕೆ ಸಲ್ಲುತ್ತದೆ. ಗ್ರಾಮದಲ್ಲಿ ಉಳಿಯುವುದು ಕೊಠಡಿ ಬಾಡಿಗೆ, ಊಟ, ಆಟೋ, ಬಾಡಿಗೆ ಸೈಕಲ್, ಮಾರ್ಗದರ್ಶಿಗಳ ಸಂಭಾವನೆ, ಹರಿಗೋಲು ಸವಾರಿ ಮತ್ತು ಸಣ್ಣ ವ್ಯಾಪಾರದ ಹಣ. ಬೆಳಿಗ್ಗೆ ಬಂದು ಸಂಜೆ ಮರಳುವ ಪ್ರವಾಸಿಗರು ಒಂದು ಊಟ, ಎಳನೀರು ಹಾಗೂ ಆಟೋ ಬಾಡಿಗೆಯಷ್ಟನ್ನೇ ವ್ಯಯಿಸುತ್ತಾರೆ. ಮೂರ್ನಾಲ್ಕು ದಿನ ಉಳಿಯುವವರಿಂದ ಮನೆ ಮಾಲೀಕರಿಗೆ, ಬಟ್ಟೆ ಒಗೆಯುವವರಿಗೆ, ಹಾಲು ಮಾರುವವರಿಗೆ, ದರ್ಜಿಗೆ ಎಲ್ಲರಿಗೂ ಪಾಲು ಸಿಗುತ್ತದೆ. ರೈಲು ನಿಲ್ದಾಣ ಮತ್ತು ದೊಡ್ಡ ಹೋಟೆಲುಗಳಿರುವ ಹೊಸಪೇಟೆ ಹಂಪಿಯಿಂದ ಕೇವಲ 13 ಕಿ.ಮೀ. ದೂರದಲ್ಲಿದ್ದು, ಹಂಪಿಯಲ್ಲಿ ಕೊಠಡಿ ಇಲ್ಲದಿದ್ದರೆ ಆ ಹಣ ಸಹಜವಾಗಿಯೇ ಅತ್ತ ಹರಿಯುತ್ತದೆ.

ತೆರವಿನ ಎರಡು ಘಟ್ಟಗಳು

ವಿರೂಪಾಕ್ಷ ದೇವಾಲಯದ ಎದುರಿನ ಪ್ರಾಚೀನ ಮಂಟಪಗಳಲ್ಲಿ ಹಲವು ಕುಟುಂಬಗಳು ದಶಕಗಳಿಂದ ಮನೆ, ಅಂಗಡಿ ಮಾಡಿಕೊಂಡಿದ್ದವು. 2011ರ ಜುಲೈನಲ್ಲಿ ಜಿಲ್ಲಾಡಳಿತ ಈ ಬಜಾರನ್ನು ತೆರವುಗೊಳಿಸಿತು. ನಿರಾಶ್ರಿತರಿಗೆ ಕಡ್ಡಿರಾಂಪುರದಲ್ಲಿ ಪುನರ್ವಸತಿ ನೀಡಲು ನಿರ್ಧರಿಸಲಾಯಿತು. ಅದೇ ತಿಂಗಳು ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಕಬ್ಬಿಣದ ಅದಿರು ಗಣಿಗಾರಿಕೆಗೆ ತಡೆ ನೀಡಿತ್ತು. ಹೀಗಾಗಿ ಹೊಸಪೇಟೆ ಸುತ್ತಲಿನ ಜನರ ಎರಡು ಆದಾಯ ಮೂಲಗಳಿಗೆ ಏಕಕಾಲದಲ್ಲಿ ಪೆಟ್ಟು ಬಿದ್ದಿತು.

ನದಿಯ ಆಚೆಗೆ, ಗಂಗಾವತಿ ತಾಲ್ಲೂಕಿನ ವಿರೂಪಾಪುರ ಗಡ್ಡಿಯಲ್ಲಿ ಭತ್ತದ ಗದ್ದೆಗಳ ನಡುವೆ ಬೆಳೆದ ಕಡಿಮೆ ಬಾಡಿಗೆಯ ತಂಗುದಾಣಗಳು ವಿದೇಶಿ ಪ್ರವಾಸಿಗರ ಅಚ್ಚುಮೆಚ್ಚಿನ ತಾಣವಾಗಿದ್ದವು. 1988ರ ಅಧಿಸೂಚನೆಯ ಪ್ರಕಾರ ಈ ಭಾಗ ಸಂರಕ್ಷಿತ ಪ್ರದೇಶ. ಕಟ್ಟಡಗಳು ಅನಧಿಕೃತವೆಂಬ ಹೈಕೋರ್ಟ್ ಆದೇಶವನ್ನು ಸುಪ್ರೀಂ ಕೋರ್ಟ್ 2020ರ ಫೆಬ್ರುವರಿಯಲ್ಲಿ ಎತ್ತಿಹಿಡಿಯಿತು. ಮರುತಿಂಗಳೇ ಅವನ್ನು ನೆಲಸಮ ಮಾಡಲಾಯಿತು. ಬೆನ್ನಲ್ಲೇ ಕೋವಿಡ್ ಲಾಕ್‌ಡೌನ್ ಜಾರಿಗೆ ಬಂದಿದ್ದರಿಂದ ಕೆಲಸ ಕಳೆದುಕೊಂಡ ಅಡುಗೆಯವರು, ಆಟೋ ಚಾಲಕರು, ದೋಣಿಯವರಿಗೆ ಪರ್ಯಾಯವೇ ಇಲ್ಲದಂತಾಯಿತು.

ಸಂರಕ್ಷಣೆಯ ಅನಿವಾರ್ಯತೆ

ಸ್ಮಾರಕಗಳು ಹಾಳಾದರೆ ಪ್ರವಾಸಿಗರೇ ಬರುವುದಿಲ್ಲ ಎಂಬ ಸಂರಕ್ಷಣಾ ವಾದವನ್ನು ತಳ್ಳಿಹಾಕಲಾಗದು. ಆನೆಗೊಂದಿಯ ತೂಗು ಸೇತುವೆ ಸೇರಿದಂತೆ ನದಿಯ ಮೇಲಿನ ಸೇತುವೆ ಕಾಮಗಾರಿಗಳ ಕಾರಣದಿಂದ 1999ರಲ್ಲಿ ಯುನೆಸ್ಕೊ ಹಂಪಿಯನ್ನು ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತ್ತು. 2006ರಲ್ಲಷ್ಟೇ ಅದರಿಂದ ಕೈಬಿಟ್ಟಿತು. ಈ ನಡುವೆ 2002ರ ಕಾಯ್ದೆಯ ಮೂಲಕ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ರಚನೆಯಾಯಿತು. ಅದರ ವ್ಯಾಪ್ತಿ ಸುಮಾರು 236 ಚದರ ಕಿ.ಮೀ. ಇದ್ದು, 29 ಗ್ರಾಮಗಳನ್ನು ಒಳಗೊಂಡಿದೆ. 2021ರಲ್ಲಿ ವಿಜಯನಗರ ಜಿಲ್ಲೆ ಉದಯಿಸಿದ ಮೇಲೂ ನದಿಯ ಒಂದು ದಡ ವಿಜಯನಗರಕ್ಕೆ, ಇನ್ನೊಂದು ದಡ ಕೊಪ್ಪಳಕ್ಕೆ ಸೇರಿದೆ. ಹೀಗಾಗಿ ಒಂದೇ ಪರಂಪರೆ ಪ್ರದೇಶದಲ್ಲಿ ಎರಡು ಜಿಲ್ಲಾಡಳಿತಗಳು ಕಾರ್ಯನಿರ್ವಹಿಸುತ್ತವೆ.

ಅಸ್ಥಿರ ಆದಾಯ

ಹಂಪಿಯ ವ್ಯಾಪಾರ ಮುಖ್ಯವಾಗಿ ಅಕ್ಟೋಬರ್‌ನಿಂದ ಫೆಬ್ರುವರಿವರೆಗಿನದು. ಬೇಸಿಗೆಯ ಉರಿಬಿಸಿಲಿನಲ್ಲಿ ಜನ ಬರುವುದು ವಿರಳ. ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟಾಗ ಹರಿಗೋಲುಗಳು ದಡದಲ್ಲೇ ಉಳಿಯುತ್ತವೆ. ಅನಿರೀಕ್ಷಿತ ಘಟನೆಗಳ ಪೆಟ್ಟು ಇನ್ನೂ ತೀವ್ರ. 2025ರ ಮಾರ್ಚ್‌ನಲ್ಲಿ ಸಾಣಾಪುರ ಬಳಿ ಪ್ರವಾಸಿಗರ ಮೇಲೆ ನಡೆದ ಘೋರ ದೌರ್ಜನ್ಯದಲ್ಲಿ ಒಬ್ಬರು ಪ್ರಾಣ ಕಳೆದುಕೊಂಡರು. ಆ ಬಳಿಕ ಅನೇಕರು ಪ್ರವಾಸ ರದ್ದುಪಡಿಸಿದ್ದರಿಂದ ಸುತ್ತಲಿನ ತಂಗುದಾಣಗಳು ಬಣಗುಟ್ಟಿದವು.

ಬೇಡಿಕೆಗೇನೂ ಕೊರತೆಯಿಲ್ಲ. 2017ರಲ್ಲಿ ಬಂದ ಹೊಸ 50 ರೂಪಾಯಿ ನೋಟಿನ ಮೇಲೆ ಹಂಪಿಯ ಕಲ್ಲಿನ ರಥವಿದೆ. ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆ 2019ರಲ್ಲಿ ಭೇಟಿ ನೀಡಬೇಕಾದ ತಾಣಗಳ ಪಟ್ಟಿಯಲ್ಲಿ ಹಂಪಿಗೆ ಎರಡನೇ ಸ್ಥಾನ ನೀಡಿತ್ತು. 2023ರ ಜೂನ್‌ನಲ್ಲಿ ಆರಂಭವಾದ ‘ಶಕ್ತಿ’ ಯೋಜನೆಯಿಂದ ಮಹಿಳಾ ಯಾತ್ರಿಕರಿಗೆ ಪ್ರಯಾಣ ಸುಲಭವಾಯಿತು. ಆದರೆ ಇವರಲ್ಲಿ ಬಹುಪಾಲು ಅಂದೇ ಬಂದು ಅಂದೇ ಹೋಗುವವರು.

ಸ್ಮಾರಕಗಳಿಗೆ ಧಕ್ಕೆಯಾಗದ ಜಾಗದಲ್ಲಿ ಗ್ರಾಮಸ್ಥರೇ ನಡೆಸುವ ಹೋಂಸ್ಟೇಗಳಿಗೆ ಸ್ಪಷ್ಟ ನಿಯಮ ಮತ್ತು ಪರವಾನಗಿ ದೊರೆತರೆ ಆದಾಯ ಊರಲ್ಲೇ ಉಳಿಯಲು ಸಾಧ್ಯ. ಯಾವುದು ಸಕ್ರಮ, ಯಾವುದು ಅಕ್ರಮ ಎಂಬುದು ಕಟ್ಟುವ ಮೊದಲೇ ತಿಳಿದಿದ್ದರೆ, ಸಾಲ ಮಾಡಿ ಕೊಠಡಿ ಕಟ್ಟಿದವರು ಹತ್ತು ವರ್ಷಗಳ ನಂತರ ಜೆಸಿಬಿಯ ಮುಂದೆ ನಿಲ್ಲಬೇಕಾದ ಪ್ರಸಂಗ ಬರುವುದಿಲ್ಲ.