ಪದ ಪರಿಚಯ: ಜೈವಿಕ ವಿಘಟನೆ

‘ಘಟನೆ’ಗೆ ಸಂಸ್ಕೃತದಲ್ಲಿ ಕೂಡಿಸುವುದು ಎಂಬ ಅರ್ಥವಿದೆ, ‘ಸಂಘಟನೆ’ಯಲ್ಲಿ ಇರುವುದೂ ಅದೇ. ‘ವಿ’ ಸೇರಿದರೆ ಬಿಡಿಬಿಡಿಯಾಗುವುದು; ಅದು ಸೂಕ್ಷ್ಮಜೀವಿಗಳಿಂದ ನಡೆದರೆ ಜೈವಿಕ ವಿಘಟನೆ. ಆಲಂಕಾರಿನ ಅಡಿಕೆ ಕೃಷಿಕರ ಹಟ್ಟಿಗೆ ಹಾಸಿದ ಸೊಪ್ಪು ಕೊಳೆತು ಗೊಬ್ಬರವಾಗುವುದೂ ಜೈವಿಕ ವಿಘಟನೆಯೇ. ಕಚ್ಚಾ ತೈಲಕ್ಕೂ ಈ ಪದ ಸಲ್ಲುತ್ತದೆ. ಮಂಗಳೂರಿನ ಎಂಆರ್‌ಪಿಎಲ್ ತೈಲ ಸಂಸ್ಕರಣಾಗಾರಕ್ಕೆ ಹಡಗುಗಳಲ್ಲಿ ತೈಲ ಬರುವ ನಮ್ಮ ಜಿಲ್ಲೆಗೆ ಇದು ದೂರದ ಮಾತಲ್ಲ.

ನೀರಿಗೆ ಚೆಲ್ಲಿದ ತೈಲವನ್ನು ಆಲ್ಕನಿವೊರಾಕ್ಸ್‌ನಂಥ ಬ್ಯಾಕ್ಟೀರಿಯಾಗಳು ತಿನ್ನುತ್ತವೆ. ಜೊತೆಗೆ ಆಮ್ಲಜನಕ, ಸಾರಜನಕ, ರಂಜಕವೂ ಬೇಕು. ಮೊದಲು ವಿಘಟನೆಯಾಗುವುದು ನೇರ ಸರಪಳಿಯ ಅಣುಗಳು, ಆಮೇಲೆ ಕವಲೊಡೆದವು. ಡಾಂಬರಿನಂಥ ಭಾಗ ಬಹುಕಾಲ ಉಳಿಯುತ್ತದೆ.

ಈ ವಿಘಟನೆಯನ್ನು ಅಳೆಯುವ ಬಗೆ ನಿಜಕ್ಕೂ ಜಾಣತನದ್ದು. ಅಣುಗಳನ್ನು ಬೇರ್ಪಡಿಸಿ ತೋರಿಸುವ ಗ್ಯಾಸ್ ಕ್ರೊಮಟೊಗ್ರಾಫ್‌ನಲ್ಲಿ 17 ಇಂಗಾಲದ ನೇರ ಅಣುವನ್ನು ಪಕ್ಕದಲ್ಲೇ ಕಾಣುವ ಕವಲಿನ ಪ್ರಿಸ್ಟೇನ್ ಜೊತೆ ಹೋಲಿಸುತ್ತಾರೆ. ಎರಡೂ ಆವಿಯಾಗುವ ವೇಗ ಹೆಚ್ಚುಕಡಿಮೆ ಒಂದೇ. ಹಾಗಾಗಿ ನೇರ ಅಣುವಿನ ಅನುಪಾತ ಇಳಿದರೆ ಅದು ಸೂಕ್ಷ್ಮಜೀವಿಗಳ ಕೆಲಸ. ಕೊನೆಗೆ ಪ್ರಿಸ್ಟೇನೂ ವಿಘಟನೆಯಾಗುವುದರಿಂದ, ತೈಲದಲ್ಲೇ ಇರುವ, ಸುಲಭಕ್ಕೆ ಜಗ್ಗದ ಹೋಪೇನ್ ಎಂಬ ಅಣುವನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ.

ಎಣ್ಣೆ ಕಣ್ಮರೆಯಾದ ಮಾತ್ರಕ್ಕೆ ‘ವಿಘಟನೆ’ ಎಂದು ಬರೆಯಬೇಡಿ. ಅದು ಆವಿಯಾಗಿರಬಹುದು, ತಳ ಸೇರಿರಬಹುದು.