ದೊಡ್ಡಪ್ಪನ ಕಿಟಕಿ ಮತ್ತು ಮುಂಬಯಿಯ ಗಾಳಿ

ಚೆಂಬೂರಿನಲ್ಲಿ ದೊಡ್ಡಪ್ಪನ ಖೋಲಿಗೆ ಇದ್ದದ್ದು ಒಂದೇ ಕಿಟಕಿ. 1980ರ ದಶಕದಲ್ಲಿ ದೀಪಾವಳಿ ರಜೆಗೆ ಅಲ್ಲಿಗೆ ಹೋದಾಗಲೆಲ್ಲ ರಾತ್ರಿ ಅವರು ಎದ್ದು ಕೂತು, "ಗಾಳಿ ತಿರುಗಿತು, ಕಿಟಕಿ ಹಾಕು ಮಗಾ" ಎನ್ನುತ್ತಿದ್ದರು. ಹಗಲು ಕಡಲಿನಿಂದ ಬೀಸುವ ಗಾಳಿ ರಾತ್ರಿ ನೆಲದಿಂದ ಕಡಲಿನತ್ತ ಹೊರಳುತ್ತದೆ, ಚಳಿಗಾಲದಲ್ಲಿ ಅದೂ ಕುಂದಿದರೆ ಹೊಗೆ ನೆಲದ ಹತ್ತಿರವೇ ನಿಂತುಬಿಡುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಹೋಟೆಲಿನ ಗಲ್ಲೆಯಲ್ಲೇ ಬದುಕು ಕಳೆದ ದೊಡ್ಡಪ್ಪನಿಗೆ ಮೂಗೇ ಮಾಪಕವಾಗಿತ್ತು.

ಈ ಊರಿನ ಹೊಗೆಗೆ ಕಾನೂನು ಬಂದದ್ದು 1912ರಲ್ಲಿ. ಬಾಂಬೆ ಸ್ಮೋಕ್ ನ್ಯೂಸೆನ್ಸಸ್ ಆಕ್ಟ್ ಎಂದು ಅದರ ಹೆಸರು. ಗಿರಣಿಗಳ ಚಿಮಣಿಗಳು ಕಲ್ಲಿದ್ದಲು ಹೊಗೆ ಕಾರುತ್ತಿದ್ದ ಕಾಲ. ಆಗ ಜಗತ್ತಿನಾದ್ಯಂತ ಹೊಗೆಯನ್ನು ಕಣ್ಣಳತೆಯಲ್ಲೇ ಅಳೆಯುತ್ತಿದ್ದರು. ಫ್ರಾನ್ಸಿನ ರಿಂಗೆಲ್‌ಮನ್ 1888ರಲ್ಲಿ ರೂಪಿಸಿದ ಪಟ್ಟಿಯಲ್ಲಿ ಬಿಳಿಯಿಂದ ಕಪ್ಪಿನವರೆಗಿನ ಛಾಯೆಗಳಿದ್ದವು. ಅದನ್ನು ಹಿಡಿದು ಚಿಮಣಿಯ ಹೊಗೆ ಎಷ್ಟು ಕಪ್ಪು ಎಂದು ಹೋಲಿಸಬೇಕು. ಚಿಮಣಿಯ ಬಾಯಿ ಆ ಲೆಕ್ಕಕ್ಕೆ ಸಿಕ್ಕಿತು. ಕೆಳಗೆ ಚಾಳಿನಲ್ಲಿ ಮಲಗಿದವರ ಎದೆ ಸಿಗಲಿಲ್ಲ.

1950ರ ದಶಕದ ಮಧ್ಯದಲ್ಲಿ ಟ್ರಾಂಬೆಗೆ ತೈಲ ಶುದ್ಧೀಕರಣಾಗಾರಗಳೂ ವಿದ್ಯುತ್ ಸ್ಥಾವರವೂ ಬಂದವು; ಮುಂದಿನ ದಶಕದಲ್ಲಿ ಗೊಬ್ಬರದ ಕಾರ್ಖಾನೆ. ಪಕ್ಕದ ಚೆಂಬೂರಿಗೆ 'ಗ್ಯಾಸ್ ಚೇಂಬರ್' ಎಂಬ ಅಡ್ಡಹೆಸರು ಅಂಟಿತು. ಗಂಧಕದ ಡೈಆಕ್ಸೈಡಿಗೆ ಬಣ್ಣವಿಲ್ಲ. ಅದರ ಮುಂದೆ ಕಣ್ಣಳತೆ ಸೋತಿತು.

ಎದೆಯನ್ನೇ ಲೆಕ್ಕಕ್ಕೆ ತೆಗೆದುಕೊಂಡವರು ಕೆ.ಇ.ಎಂ. ಆಸ್ಪತ್ರೆಯ ಶ್ವಾಸಕೋಶ ತಜ್ಞ ಡಾ. ಎಸ್. ಆರ್. ಕಾಮತ್ ಮತ್ತು ಸಂಗಡಿಗರು. 1970ರ ದಶಕದ ಕೊನೆಗೆ ಅವರು, ಮಾಲಿನ್ಯದ ಮಟ್ಟದಲ್ಲಿ ಒಂದಕ್ಕೊಂದು ಬೇರೆಯಾದ ನಗರದ ಮೂರು ಬಡಾವಣೆಗಳನ್ನೂ ಹೋಲಿಕೆಗೆಂದು ಒಂದು ಹಳ್ಳಿ ಪ್ರದೇಶವನ್ನೂ ಆರಿಸಿಕೊಂಡು, ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಕೆಮ್ಮು, ನೆಗಡಿ, ಉಬ್ಬಸಗಳ ಲೆಕ್ಕ ಇಡತೊಡಗಿದರು. ಒಮ್ಮೆ ನೋಡಿ ಬಿಡಲಿಲ್ಲ. ಅದೇ ಜನರನ್ನು ಮೂರು ವರ್ಷ ಹಿಂಬಾಲಿಸುವ ಅಧ್ಯಯನ ಅದು. ಮೊದಲ ವರ್ಷದ ಫಲಿತಾಂಶ 1980ರಲ್ಲಿ ಪ್ರಕಟವಾಯಿತು. ಗಾಳಿಯ ಅಂಕಿ ಮತ್ತು ಮನುಷ್ಯನ ಉಸಿರು ಒಂದೇ ಕಾಗದದ ಮೇಲೆ ಅಕ್ಕಪಕ್ಕ ಬಂದವು.

ವಾಯು ಮಾಲಿನ್ಯ ಕಾಯ್ದೆ 1981ರಲ್ಲಿ ಬಂತು. ರಾಷ್ಟ್ರೀಯ ಮಾಪನ ಜಾಲ ಬೆಳೆಯಿತು. ಅದರ ಯಂತ್ರಗಳು ಗಾಳಿಯನ್ನು ಹೀರಿ ಸೋಸುಕಾಗದದ ಮೂಲಕ ಹಾಯಿಸುತ್ತಿದ್ದವು. ಮೊದಲಿನ ತೂಕ, ಆಮೇಲಿನ ತೂಕ, ನಡುವಿನ ವ್ಯತ್ಯಾಸವೇ ಧೂಳು. ವಾರಕ್ಕೆರಡು ಬಾರಿ, ವರ್ಷಕ್ಕೆ 104 ದಿನ ಎಂಬುದು ನಿಯಮ. ಉಳಿದ 261 ದಿನಗಳೂ ಜನ ಉಸಿರಾಡುತ್ತಲೇ ಇದ್ದರು.

2015ರ ಏಪ್ರಿಲ್‌ನಲ್ಲಿ ವಾಯು ಗುಣಮಟ್ಟ ಸೂಚ್ಯಂಕ ಬಂತು. ನಾವು ಬೆಳಿಗ್ಗೆ ಆಫೀಸಿಗೆ ಹೊರಡುವ ಮುನ್ನ ಮೊಬೈಲಿನಲ್ಲಿ ನೋಡುವ ಅಂಕಿ ಇದೇ. ಎಂಟು ಮಾಲಿನ್ಯಕಾರಕಗಳ ಸರಾಸರಿ ಅದಲ್ಲ. ಅಳೆದವುಗಳಲ್ಲಿ ಅತಿ ಕೆಟ್ಟದ್ದು ಯಾವುದೋ ಅದರ ಅಂಕಿ. ಯಂತ್ರ ನಿಂತ ಜಾಗದ ಗಾಳಿಯನ್ನಷ್ಟೇ ಅದು ಹೇಳುತ್ತದೆ. ಯೋಜನೆಗಳಿಗಾಗಿ ಮನೆ ಕಳೆದುಕೊಂಡವರನ್ನು ತಂದಿರಿಸಿದ ಮಾಹುಲ್‌ನಲ್ಲಿ, ಗಾಳಿಯಿಂದ ಜನರ ಆರೋಗ್ಯಕ್ಕೆ ಅಪಾಯವಿದೆ ಎಂದು ಹಸಿರು ನ್ಯಾಯಮಂಡಳಿ ಹೇಳಿದ್ದೂ ಅದೇ 2015ರಲ್ಲಿ. ಅಲ್ಲಿ ದೂರು ಹೊತ್ತು ಹೋದವರು ನಿವಾಸಿಗಳೇ.

ದೂರುವಾಗ ನಮ್ಮ ಪಾಲನ್ನೂ ಮರೆಯುವಂತಿಲ್ಲ. ಬೇಕರಿ, ತಂದೂರುಗಳ ಕಟ್ಟಿಗೆ-ಇದ್ದಿಲಿಗೆ ಬದಲಾಗಿ ಶುದ್ಧ ಇಂಧನ ಬಳಸಬೇಕೆಂದು ಮುಂಬಯಿ ಹೈಕೋರ್ಟು 2025ರ ಜನವರಿಯಲ್ಲಿ ಆರು ತಿಂಗಳ ಗಡುವು ಕೊಟ್ಟಾಗ, ನಮ್ಮವರ ಎಷ್ಟು ಹೋಟೆಲುಗಳ ಒಲೆ ನೆನಪಾಯಿತೋ! ದೊಡ್ಡಪ್ಪ ದಿನವಿಡೀ ಕೂತದ್ದು ಅಂಥದೇ ಒಂದು ಭಟ್ಟಿಯ ಹತ್ತಿರ.

ಬೀಡಿ ಮುಟ್ಟದ ಅವರಿಗೆ ಕೊನೆಯ ವರ್ಷಗಳಲ್ಲಿ ಇನ್‌ಹೇಲರ್ ಇಲ್ಲದೆ ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ಬೇಸಿಗೆಗೆ ಕುಂದಾಪುರಕ್ಕೆ ಹೋದರೆ ವಾರದೊಳಗೆ ಕೆಮ್ಮು ಇಳಿಯುತ್ತಿತ್ತು. ಮರಳಿದ ನಾಲ್ಕನೇ ದಿನಕ್ಕೆ ಮತ್ತೆ ಹಾಜರು. ಹೋಲಿಕೆಗೆ ಒಂದು ಹಳ್ಳಿ ಬೇಕೆಂದು ಕಾಮತರು ಯೋಚಿಸಿದ್ದರಲ್ಲ, ವಲಸೆ ಬಂದ ನಮ್ಮಲ್ಲಿ ಪ್ರತಿ ಮನೆಗೂ ಅಂಥದೊಂದು ಹಳ್ಳಿ ಇದೆ. ಊರಿನಲ್ಲಿ ಹೇಗಿರುತ್ತದೆ, ಇಲ್ಲಿ ಹೇಗಿರುತ್ತದೆ ಎಂದು ದೊಡ್ಡಪ್ಪನನ್ನು ಯಾರೂ ಕೇಳಲಿಲ್ಲ. ಎಲ್ಲ ಮುಗಿದ ಮೇಲೆ ಈ ಲೆಕ್ಕ ಬರೆಯುತ್ತಿರುವ ನಾನೂ ಕೇಳಲಿಲ್ಲ. ಅವರು ಹೇಳಿದಾಗ ಕಿಟಕಿ ಹಾಕಿದೆ, ಅಷ್ಟೇ.