ಕೊಳೆಯದ ಬಲೆ ಮತ್ತು ಅದರ ಲೆಕ್ಕ

1342ರ ಸುಮಾರಿಗೆ ಮಂಗಳೂರಿಗೆ ಬಂದ ಇಬ್ನ್ ಬತೂತಾ ಇಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆಂದು ಬರೆದಿಟ್ಟ ವಿಷಯ ನಮ್ಮಲ್ಲಿ ಹಲವರಿಗೆ ಗೊತ್ತು. ಬ್ಯಾರಿಗಳ ಇತಿಹಾಸ ಹೇಳುವಾಗ ಆ ಮಾತು ಬರದೆ ಇರುವುದು ಅಪರೂಪ. ಅದೇ ಪ್ರವಾಸಿ ಅನಂತರ ಮಾಲ್ದೀವ್ಸ್‌ಗೆ ಹೋಗಿ, ಅಲ್ಲಿ ಖಾಝಿಯಾಗಿದ್ದು, ಅಲ್ಲಿನ ತೆಂಗಿನ ನಾರಿನ ಹಗ್ಗದ ಬಗ್ಗೆಯೂ ಬರೆದಿದ್ದಾನೆ. ಆ ಹಗ್ಗ ಹಿಂದೂಸ್ತಾನಕ್ಕೆ, ಯಮನ್‌ಗೆ, ಚೀನಾಕ್ಕೆ ಹೋಗುತ್ತಿತ್ತು. ಈ ಕಡಲಿನ ಹಡಗುಗಳ ಹಲಗೆಗಳನ್ನು ಅದರಿಂದಲೇ ಹೊಲಿಯುತ್ತಿದ್ದರು. ಬಂಡೆಗೆ ತಾಗಿದರೆ ಮೊಳೆ ಹೊಡೆದ ಹಡಗು ಒಡೆಯುತ್ತದೆ, ಹಗ್ಗದಿಂದ ಹೊಲಿದದ್ದು ಬಾಗಿ ಉಳಿಯುತ್ತದೆ ಎಂದು ಅವನು ಕಾರಣವನ್ನೂ ಕೊಡುತ್ತಾನೆ.

ಹಗ್ಗದ ಈ ಸಂಬಂಧ ಮಂಗಳೂರಿಗೆ ಹೊಸತಲ್ಲ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಅಮಿನಿದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಬ್ರಿಟಿಷ್ ಆಡಳಿತದಲ್ಲಿ ಆ ದ್ವೀಪಗಳ ನಾರು ಸರಕಾರದ ಏಕಸ್ವಾಮ್ಯವಾಗಿತ್ತು. ದ್ವೀಪದವರು ನಾರನ್ನು ಮಂಗಳೂರಿಗೆ ತಂದು ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಬಂದರಿನಲ್ಲಿ ಮಂಜಿಗಳಿಂದ ಸರಕು ಇಳಿಸಿದವರಲ್ಲಿ, ಕೊಂಡವರಲ್ಲಿ, ಮಾರಿದವರಲ್ಲಿ ನಮ್ಮ ಹಿರಿಯರೂ ಇದ್ದರು.

ಹಗ್ಗದಿಂದ ಲೇಖನ ಶುರುಮಾಡಲು ಕಾರಣವಿದೆ. ತೆಂಗಿನ ನಾರು, ಸೆಣಬು, ಹತ್ತಿ ಇವೆಲ್ಲ ಕೊಳೆಯುವ ವಸ್ತುಗಳು. ಕಡಲಿಗೆ ಬಿದ್ದರೆ ನಿಧಾನವಾಗಿಯಾದರೂ ಕಡಲೇ ಅವನ್ನು ತಿಂದು ಮುಗಿಸುತ್ತಿತ್ತು. ಕಳೆದ ಅರುವತ್ತು, ಎಪ್ಪತ್ತು ವರ್ಷಗಳಲ್ಲಿ ಆ ಲೆಕ್ಕ ತಪ್ಪಿದೆ. ಇಂದು ಕಡಲಲ್ಲಿ ಕಳೆದುಹೋದ ಬಲೆ ಅದನ್ನು ಬೀಸಿದವನಿಗಿಂತ ಹೆಚ್ಚು ಕಾಲ ಬದುಕುತ್ತದೆ, ಮೀನು ಹಿಡಿಯುತ್ತಲೂ ಇರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಭೂತದ ಬಲೆ ಎಂಬರ್ಥದ ಹೆಸರಿದೆ. ತುಳುನಾಡಿನಲ್ಲಿ ಭೂತ ಎಂಬ ಮಾತಿಗೆ ಗೌರವದ ಬೇರೆ ಅರ್ಥವಿರುವುದರಿಂದ ಇಲ್ಲಿ ಇದನ್ನು ವಾರಸುದಾರರಿಲ್ಲದ ಬಲೆ ಎನ್ನೋಣ.

ಹತ್ತಿಯಿಂದ ನೈಲಾನಿಗೆ

ಹತ್ತಿ ಮತ್ತು ಸೆಣಬಿನ ಬಲೆಯ ಕಾಲದಲ್ಲಿ ಬಲೆಯನ್ನು ಉಳಿಸಿಕೊಳ್ಳುವುದೇ ದೊಡ್ಡ ಕೆಲಸವಾಗಿತ್ತು. ದಿನವೂ ತೊಳೆಯಬೇಕು, ಮರಳಿನ ಮೇಲೆ ಹರಡಿ ಒಣಗಿಸಬೇಕು, ಆಗಾಗ ಮರದ ತೊಗಟೆ ಕುದಿಸಿದ ಚೊಗರು ನೀರಿನಲ್ಲಿ ಅದ್ದಬೇಕು. ಇಷ್ಟು ಮಾಡಿದರೂ ಹೆಚ್ಚು ವರ್ಷ ಬಾಳುತ್ತಿರಲಿಲ್ಲ. ರಂಪಣಿಯಂಥ ದೊಡ್ಡ ಬಲೆಯನ್ನು ಹತ್ತಾರು ಮಂದಿ ದಡದಿಂದ ಎಳೆಯುತ್ತಿದ್ದರು. ಬಂಗುಡೆ, ಬೂತಾಯಿ ಪಾಲಾಗುತ್ತಿದ್ದುದೂ ಆ ಎಲ್ಲರ ನಡುವೆ. ಅಂಥ ಬಲೆಯನ್ನು ಕಡಲಲ್ಲಿ ಬಿಟ್ಟು ಬರುವ ಪ್ರಶ್ನೆಯೇ ಇರಲಿಲ್ಲ, ಅದು ಇಡೀ ಊರಿನ ಆಸ್ತಿ.

1935ರಲ್ಲಿ ಅಮೆರಿಕದ ಡುಪಾಂಟ್ ಕಂಪೆನಿಯಲ್ಲಿ ವ್ಯಾಲೇಸ್ ಕರೋದರ್ಸ್ ನೈಲಾನ್ ಕಂಡುಹಿಡಿದರು. ಎರಡನೇ ಮಹಾಯುದ್ಧದ ಬಳಿಕ ಅದು ಮೀನುಗಾರರ ಕೈಗೆ ಬಂತು. ನಮ್ಮ ದೇಶದಲ್ಲಿ 1952ರಲ್ಲಿ ಭಾರತ, ನಾರ್ವೆ ಮತ್ತು ವಿಶ್ವಸಂಸ್ಥೆ ಸಹಿ ಹಾಕಿದ ಒಪ್ಪಂದದಂತೆ ಕೊಲ್ಲಂ ಬಳಿಯ ನೀಂಡಕರದಲ್ಲಿ ಯೋಜನೆಯೊಂದು ಶುರುವಾಯಿತು. ಯಂತ್ರದ ದೋಣಿ, ಮಂಜುಗಡ್ಡೆ, ನೈಲಾನ್ ಬಲೆ ಆ ದಾರಿಯಲ್ಲಿ ಬಂದವು. ಮುಂದೆ ಆ ಯೋಜನೆ ಕಾರವಾರಕ್ಕೂ ವಿಸ್ತರಿಸಿತು. 1957ರಲ್ಲಿ ಕೊಚ್ಚಿಯಲ್ಲಿ ಕೇಂದ್ರ ಮೀನುಗಾರಿಕೆ ತಂತ್ರಜ್ಞಾನ ಸಂಸ್ಥೆ ಸ್ಥಾಪನೆಯಾಗಿ ಹೊಸ ನೂಲುಗಳ ಪರೀಕ್ಷೆ ನಡೆಯಿತು. 1969ರಲ್ಲಿ ದೇಶದ ಮೊದಲ ಮೀನುಗಾರಿಕಾ ಕಾಲೇಜು ಮಂಗಳೂರಿನಲ್ಲಿ ತೆರೆಯಿತು. 1970ರ ದಶಕದ ನಡುವೆ ಪರ್ಸೀನ್ ಬಲೆಗಳು ಬಂದ ಮೇಲೆ ಕೆಲವೇ ವರ್ಷಗಳಲ್ಲಿ ರಂಪಣಿ ಹಿಂದೆ ಸರಿಯಿತು. ರಂಪಣಿಯವರಿಗೂ ಪರ್ಸೀನಿನವರಿಗೂ ನಡೆದ ಜಗಳ ಹಿರಿಯರಿಗೆ ಇನ್ನೂ ನೆನಪಿದೆ.

ಹೊಸ ಬಲೆಯನ್ನು ಯಾರೂ ದೂರುವಂತಿರಲಿಲ್ಲ. ಹಗುರ, ಗಟ್ಟಿ, ಒಣಗಿಸುವ ಕೆಲಸ ಕಡಿಮೆ, ನೀರಿನಲ್ಲಿ ಮೀನಿನ ಕಣ್ಣಿಗೆ ಕಾಣುವುದೂ ಕಡಿಮೆ. ಬಡ ಮೀನುಗಾರನಿಗೆ ಅದು ವರವೇ ಆಗಿತ್ತು. ಕೊಳೆಯುವುದಿಲ್ಲ ಎಂಬ ಅದರ ದೊಡ್ಡ ಗುಣವೇ ಬಲೆ ಕೈತಪ್ಪಿದ ದಿನದಿಂದ ದೊಡ್ಡ ದೋಷವಾಗುತ್ತದೆ ಎಂಬುದು ಆಗ ಯಾರ ಲೆಕ್ಕದಲ್ಲೂ ಇರಲಿಲ್ಲ.

ಕೈತಪ್ಪಿದ ಬಲೆ ಎಲ್ಲಿಗೆ ಹೋಗುತ್ತದೆ

ಎಲ್ಲ ಪ್ಲಾಸ್ಟಿಕ್ ಬಲೆಗಳೂ ಒಂದೇ ರೀತಿ ವರ್ತಿಸುವುದಿಲ್ಲ. ನೈಲಾನ್ ಕಡಲನೀರಿಗಿಂತ ಭಾರ. ಪಟ್ಟಬಲೆ, ಕಂತಬಲೆಗಳಂಥ ನೈಲಾನ್ ಬಲೆಗಳು ಕಳೆದುಹೋದರೆ ಕೆಳಗಿಳಿದು ಕಲ್ಲು, ಹವಳಗಳಿಗೆ ಸುತ್ತಿಕೊಳ್ಳುತ್ತವೆ. ಅಲ್ಲಿ ಸಿಕ್ಕಿದ ಮೀನು ಸತ್ತರೆ ಅದನ್ನು ತಿನ್ನಲು ಏಡಿ ಬರುತ್ತದೆ, ಏಡಿಯೂ ಸಿಕ್ಕಿಕೊಳ್ಳುತ್ತದೆ. ಟ್ರಾಲ್ ಬಲೆಗೆ ಹೆಚ್ಚಾಗಿ ಬಳಸುವ ಪಾಲಿಥಿಲೀನ್ ಕಡಲನೀರಿಗಿಂತ ಹಗುರ. ಅದರ ತುಂಡುಗಳು ತೇಲುತ್ತಾ ಒಂದಕ್ಕೊಂದು ಸುತ್ತಿಕೊಂಡು ರಾಶಿಯಾಗುತ್ತವೆ. ಅಂಥ ರಾಶಿಯ ನೆರಳಿಗೆ ಸಣ್ಣ ಮೀನು ಸೇರುತ್ತದೆ, ಮೀನಿನ ಜೊತೆಗೆ ಕಡಲಾಮೆ ಬರುತ್ತದೆ. ಆಮೆ ಶ್ವಾಸಕೋಶದಿಂದ ಉಸಿರಾಡುವ ಪ್ರಾಣಿ, ಆಗಾಗ ನೀರಿನ ಮೇಲೆ ಬರಲೇಬೇಕು. ಬಲೆಯಲ್ಲಿ ರೆಕ್ಕೆಯಂಥ ಅದರ ಕಾಲು ಸಿಕ್ಕಿದರೆ ಮುಳುಗಿ ಸಾಯುತ್ತದೆ, ಇಲ್ಲವೇ ನೂಲು ಮಾಂಸದೊಳಕ್ಕೆ ಇಳಿದು ಕಾಲೇ ಹೋಗುತ್ತದೆ.

ಮೀನುಗಾರ ಬೇಕೆಂದೇ ಬಲೆ ಎಸೆಯುತ್ತಾನೆ ಎಂದು ದಡದಲ್ಲಿ ಕುಳಿತು ಹೇಳುವುದು ಸುಲಭ. ಹರಿದ ತುಂಡುಗಳನ್ನು ಕಡಲಿಗೆ ಬಿಸಾಡುವ ಅಭ್ಯಾಸ ಇದೆ, ಅದನ್ನು ಒಪ್ಪಬೇಕು. ಆದರೆ ಇಡೀ ಬಲೆ ಹೋಗುವುದು ಸಾಮಾನ್ಯವಾಗಿ ಗಾಳಿ-ಮಳೆಗೆ, ಅಡಿಯ ಕಲ್ಲಿಗೆ ಸಿಕ್ಕಿ, ಅಥವಾ ರಾತ್ರಿ ಬೇರೆ ಬೋಟು ಬಲೆಯ ಮೇಲೆ ಹಾದುಹೋಗಿ. ಬಲೆ ಹೋದರೆ ಸಾಲ ಉಳಿಯುತ್ತದೆ. 2022ರಲ್ಲಿ ಪ್ರಕಟವಾದ ಆಸ್ಟ್ರೇಲಿಯದ ಸಂಶೋಧಕರ ಅಧ್ಯಯನ ಏಳು ದೇಶಗಳ 450 ಮೀನುಗಾರರನ್ನು ಮಾತಾಡಿಸಿ, ಜಗತ್ತಿನ ಮೀನುಗಾರಿಕೆಯ ಸಲಕರಣೆಗಳಲ್ಲಿ ಸುಮಾರು ಶೇ. 2ರಷ್ಟು ವರ್ಷವೂ ಕಡಲು ಸೇರುತ್ತದೆ ಎಂದು ಅಂದಾಜಿಸಿತು.

ಲೆಕ್ಕ ಬರೆದಿಟ್ಟವರು

ಹೀಗೆ ಹೋದದ್ದಕ್ಕೆ ಲೆಕ್ಕ ಇಡುವ ಕೆಲಸವನ್ನು ಹೆಚ್ಚಿನ ಕಡೆ ಶುರುಮಾಡಿದವರು ಸ್ವಯಂಸೇವಕರು ಮತ್ತು ಕಡಲ ತೀರದ ಜನರೇ. ಉತ್ತರ ಆಸ್ಟ್ರೇಲಿಯದ ಮೂಲನಿವಾಸಿಗಳು ತಮ್ಮ ತೀರಕ್ಕೆ ಬಂದು ಬೀಳುತ್ತಿದ್ದ ಬಲೆಗಳನ್ನು ಎಳೆದು ಹಾಕುವುದಷ್ಟೇ ಅಲ್ಲ, ಒಂದೊಂದನ್ನೂ ಬರೆದಿಟ್ಟರು. 2004ರಿಂದ ಅದು ಘೋಸ್ಟ್‌ನೆಟ್ಸ್ ಆಸ್ಟ್ರೇಲಿಯ ಎಂಬ ಹೆಸರಿನಲ್ಲಿ ಸಂಘಟಿತವಾಯಿತು.

ನಮಗೆ ಹತ್ತಿರದ ಉದಾಹರಣೆ ಮತ್ತೆ ಮಾಲ್ದೀವ್ಸ್. ಅಲ್ಲಿನವರು ತಲೆಮಾರುಗಳಿಂದ ಕೇದರವನ್ನು ಗಾಳ-ಕೋಲಿನಿಂದ ಒಂದೊಂದಾಗಿ ಹಿಡಿಯುವವರು. ದೊಡ್ಡ ಬಲೆಯ ಮೀನುಗಾರಿಕೆ ಅವರದಲ್ಲ. ಆದರೂ ಬಲೆ ಸುತ್ತಿಕೊಂಡ ಆಮೆಗಳು ಅವರ ದ್ವೀಪಗಳಿಗೆ ಬರುತ್ತಲೇ ಇದ್ದವು. 2013ರಲ್ಲಿ ಮಾರ್ಟಿನ್ ಸ್ಟೆಲ್‌ಫಾಕ್ಸ್ ಎಂಬವರು ಆಲಿವ್ ರಿಡ್ಲೆ ಪ್ರಾಜೆಕ್ಟ್ ಆರಂಭಿಸಿ, ಮೀನುಗಾರರು, ಮುಳುಗುಗಾರರು, ರೆಸಾರ್ಟಿನ ಕೆಲಸಗಾರರು, ಪ್ರವಾಸಿಗರಿಂದ ಬಲೆಗಳ ವಿವರ ಕೂಡಿಸತೊಡಗಿದರು. 2017ರಲ್ಲಿ ಗಾಯಗೊಂಡ ಆಮೆಗಳಿಗೆ ಆಸ್ಪತ್ರೆಯೂ ಆಯಿತು.

ಅವರು ಬರೆಯುವುದು ಏನು? ಸಿಕ್ಕಿದ ದಿನ, ಜಾಗ, ಬಲೆಯ ಉದ್ದಗಲ. ಬಲೆಯ ಕಣ್ಣಿನ ಅಳತೆ, ನೂಲಿನ ದಪ್ಪ, ಬಣ್ಣ, ಹೊಸೆದದ್ದೋ ಹೆಣೆದದ್ದೋ. ಬೆಂಡು, ಸೀಸದ ಗುಂಡು ಇದೆಯೇ. ಯಾವ ಪ್ರಾಣಿ ಸಿಕ್ಕಿತ್ತು, ಜೀವಂತವೋ ಸತ್ತಿತ್ತೋ. ಬಲೆಗೆ ಅಂಟಿ ಬೆಳೆದ ಚಿಪ್ಪುಜೀವಿಗಳ ಗಾತ್ರ ನೋಡಿದರೆ ಅದು ಎಷ್ಟು ಕಾಲ ತೇಲಿತ್ತು ಎಂದೂ ಅಂದಾಜಿಸಬಹುದು. ಗುಜರಿ ವ್ಯಾಪಾರಿಯೊಬ್ಬ ಸರಕು ನೋಡಿ ಟಿಪ್ಪಣಿ ಮಾಡಿದ ಹಾಗೆ ಕಾಣುವ ಈ ವಿವರಗಳು ಸಾವಿರಾರು ಸೇರಿದಾಗ ಮಾತಾಡತೊಡಗುತ್ತವೆ. ಸಿಕ್ಕಿಬಿದ್ದ ಆಮೆಗಳಲ್ಲಿ ಬಹುಪಾಲು ಆಲಿವ್ ರಿಡ್ಲೆ ಜಾತಿಯವು, ಮಾಲ್ದೀವ್ಸ್‌ನಲ್ಲಿ ಮೊಟ್ಟೆಯಿಡುವುದು ತೀರಾ ಕಡಿಮೆಯಿರುವ ಜಾತಿ. ವಂಶವಾಹಿ ಪರೀಕ್ಷೆ ಮಾಡಿದಾಗ ಅವುಗಳಲ್ಲಿ ಹೆಚ್ಚಿನವು ಶ್ರೀಲಂಕಾ ಮತ್ತು ಭಾರತದ ಪೂರ್ವ ಕರಾವಳಿಯವೆಂದು ತಿಳಿಯಿತು. ಹಿಂದೆ ಹಾಯಿ ಹಡಗುಗಳನ್ನು ನಡೆಸಿದ ಮಾನ್ಸೂನಿನ ಪ್ರವಾಹಗಳೇ ಇಂದು ಬಲೆಗಳನ್ನೂ ಒಯ್ಯುತ್ತಿವೆ.

ತಿರುವನಂತಪುರದಲ್ಲಿ ಮೀನುಗಾರ ಕುಟುಂಬದಿಂದಲೇ ಬಂದ ರಾಬರ್ಟ್ ಪನಿಪ್ಪಿಳ್ಳ ಅವರು ಕಟ್ಟಿದ ಫ್ರೆಂಡ್ಸ್ ಆಫ್ ಮರೈನ್ ಲೈಫ್ ತಂಡ ಕಡಲಡಿಗೆ ಮುಳುಗಿ ಚಿತ್ರ ತೆಗೆದು, ಮೀನುಗಾರರು ಪಾರ್ ಎಂದು ಕರೆಯುವ ಕಲ್ಲುಗಳಿಗೆ ಬಲೆಗಳು ಹೊದಿಸಿದಂತೆ ಬಿದ್ದಿರುವುದನ್ನು ದಾಖಲಿಸಿತು. ಆ ಕಲ್ಲುಗಳೇ ಮೀನು ಮರಿಮಾಡುವ ಜಾಗ. ಎಂದರೆ ಹಾನಿ ಆಮೆಗಷ್ಟೇ ಅಲ್ಲ, ನಾಳೆ ನಾವು ದಕ್ಕೆಯಲ್ಲಿ ಕೊಳ್ಳಬೇಕಾದ ಮೀನಿಗೂ. ನಮ್ಮ ಕುಂದಾಪುರದ ಕೋಡಿಯಲ್ಲಿ ಭಾನುವಾರ ತೀರ ಶುಚಿ ಮಾಡುವ ಯುವಕರು, ಆಮೆ ಮೊಟ್ಟೆ ಕಾಯುವ ಮೀನುಗಾರರು, ಅರಣ್ಯ ಇಲಾಖೆಯವರು, ರೀಫ್ ವಾಚ್ ಸಂಸ್ಥೆಯ ಪಶುವೈದ್ಯರು ಸೇರಿ ಮಳೆಗಾಲದಲ್ಲಿ ಬಲೆಯೊಂದಿಗೆ ದಡಕ್ಕೆ ಬಿದ್ದ ಆಮೆಗಳನ್ನು ಬದುಕಿಸುವ ಪ್ರಯತ್ನ ಮಾಡಿದ್ದಾರೆ. 2024ರ ಆರಂಭದಲ್ಲಿ ಮಂಗಳೂರಿನ ಸಸಿಹಿತ್ಲು, ತಣ್ಣೀರುಬಾವಿ ಕಡೆಗೂ ಆಲಿವ್ ರಿಡ್ಲೆಗಳು ಮೊಟ್ಟೆಯಿಡಲು ಬಂದವು. ಹಾಗಾಗಿ ಈ ವಿಷಯ ಈಗ ನಮ್ಮ ಮನೆಬಾಗಿಲಿಗೇ ಬಂದಿದೆ.

ದಾಖಲೆಯಿಂದ ಯಾರಿಗೆ ಲಾಭ

ಕಾನೂನು ಇಲ್ಲವೆಂದಲ್ಲ. ಹಡಗುಗಳಿಂದ ಪ್ಲಾಸ್ಟಿಕ್ ಬಲೆ ಕಡಲಿಗೆ ಎಸೆಯಬಾರದೆಂಬ ಅಂತಾರಾಷ್ಟ್ರೀಯ ನಿಯಮ 1988ರ ಕೊನೆಯಿಂದ ಜಾರಿಯಲ್ಲಿದೆ. 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಬಲೆಗಳಿಗೆ ಗುರುತು ಹಾಕುವ ಬಗ್ಗೆ ಮಾರ್ಗಸೂಚಿ ಒಪ್ಪಿತು. ಆದರೆ ಒಂದೇ ಕಾರ್ಖಾನೆಯ ಬಲೆ ಹತ್ತು ಬಂದರುಗಳಲ್ಲಿ ಮಾರಾಟವಾಗುವಾಗ, ದಡಕ್ಕೆ ಬಿದ್ದ ತುಂಡು ಯಾರದೆಂದು ಹೇಳುವುದು ಹೇಗೆ? ಬಲೆಗೆ ಗುರುತು ಇಲ್ಲದಿದ್ದರೆ ಆರೋಪ ಎಲ್ಲ ಮೀನುಗಾರರ ಮೇಲೂ ಬೀಳುತ್ತದೆ.

ದಾಖಲೆ ಮೀನುಗಾರನ ಪರವಾಗಿಯೂ ಕೆಲಸ ಮಾಡಬಲ್ಲದು ಎಂಬುದಕ್ಕೆ ಪಕ್ಕದ ಮಹಾರಾಷ್ಟ್ರ ಉದಾಹರಣೆ. ಅಲ್ಲಿ 2018ರ ಡಿಸೆಂಬರಿನಿಂದ, ಬಲೆಗೆ ಸಿಕ್ಕ ಆಮೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್‌ನಂಥ ಸಂರಕ್ಷಿತ ಜೀವಿಯನ್ನು ಬಲೆ ಕತ್ತರಿಸಿ ಬಿಟ್ಟ ಮೀನುಗಾರನಿಗೆ 25,000 ರೂಪಾಯಿವರೆಗೆ ಪರಿಹಾರ ಸಿಗುತ್ತದೆ. ತೋರಿಸಬೇಕಾದದ್ದು ಚಿತ್ರ ಮತ್ತು ವಿವರ. ಗುಜರಾತಿನಲ್ಲೂ ತಿಮಿಂಗಿಲ ಶಾರ್ಕ್ ಬಿಡಿಸುವ ಮೀನುಗಾರರ ಕೈಗೇ ಕ್ಯಾಮೆರಾ ಕೊಟ್ಟರು. ಕೇರಳದಲ್ಲಿ 2017ರಿಂದ ಕೊಲ್ಲಂನ ಟ್ರಾಲ್ ಬೋಟುಗಳವರು ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ದಡಕ್ಕೆ ತಂದು ಕೊಟ್ಟರು, ಅದು ರಸ್ತೆಗೆ ಬಳಕೆಯಾಯಿತು.

ಘಟ್ಟದ ಮೇಲಿನವರಿಗೂ ಇದು ದೂರದ ಸುದ್ದಿಯಲ್ಲ. ಸಾಂಗ್ಲಿ, ಮೀರಜ್ ಬಳಿ ಹರಿದು ಕರ್ನಾಟಕಕ್ಕೆ ಬರುವ ಕೃಷ್ಣೆಯಲ್ಲೂ ಇಂದು ಬೀಳುವುದು ನೈಲಾನ್ ಬಲೆಯೇ. 2020ರಲ್ಲಿ ಪ್ರಕಟವಾದ ಗಂಗಾನದಿಯ ಅಧ್ಯಯನ, ನದಿಗೆ ಬಿಟ್ಟ ಬಲೆಗಳು ಅಲ್ಲಿನ ಆಮೆ, ಡಾಲ್ಫಿನ್‌ಗಳಿಗೆ ಅಪಾಯವೆಂದು ತೋರಿಸಿತು. ಹಳೆಯ ಬಲೆಯನ್ನು ಕೊಡಲು ಜಾಗವಿಲ್ಲದ್ದೂ ಅದನ್ನು ನೀರಿಗೆ ಬಿಡಲು ಒಂದು ಕಾರಣ.

ನಾವು ಮಾಡಬಹುದಾದ್ದು

ಕಸಬಾ ಬೆಂಗ್ರೆ, ಉಳ್ಳಾಲ, ಬಂದರು, ಮಲ್ಪೆ, ಗಂಗೊಳ್ಳಿಗಳಲ್ಲಿ ಬಲೆಯ ಜೊತೆ ಬದುಕಿದ ಹಿರಿಯರು ಇನ್ನೂ ಇದ್ದಾರೆ. ಅವರಲ್ಲಿ ಕೆಲವರು ಹತ್ತಿಯ ಬಲೆಯನ್ನು ಕೈಯಾರೆ ಹೊಲಿದವರು, ಚೊಗರಿನಲ್ಲಿ ಅದ್ದಿದವರು. ಒಂದು ತುಂಡು ತೋರಿಸಿದರೆ ಇದು ಯಾವ ಮೀನಿನ ಬಲೆ, ಎಷ್ಟು ಆಳದ್ದು ಎಂದು ಹೇಳಬಲ್ಲವರು. ಯಾವ ಜಾಗದಲ್ಲಿ ಕಲ್ಲಿಗೆ ಎಷ್ಟು ಬಲೆ ಹೋಯಿತು ಎಂಬ ನೆನಪೂ ಅವರಲ್ಲಿದೆ. ಆ ತಿಳಿವಳಿಕೆ ಯಾವ ಪುಸ್ತಕದಲ್ಲೂ ಇಲ್ಲ. ಬ್ಯಾರಿ ಬಾಸೆಯಲ್ಲಿ ಬಲೆಗೂ ಅದರ ಭಾಗಗಳಿಗೂ ಇರುವ ಮಾತುಗಳನ್ನು ಅವರ ಬಾಯಿಂದಲೇ ಕೇಳಿ ಬರೆದಿಡಬೇಕು.

ಮಕ್ಕಳು ರಜೆಯಲ್ಲಿ ಕಡಲಿಗೆ ಹೋದಾಗ ಬಲೆಯ ತುಂಡು ಸಿಕ್ಕಿದರೆ ಅದರ ಪಕ್ಕದಲ್ಲಿ ಒಂದು ಸ್ಕೇಲು ಇಟ್ಟು ಚಿತ್ರ ತೆಗೆಯಲಿ, ದಿನ ಮತ್ತು ಜಾಗ ಬರೆಯಲಿ, ಮನೆಗೆ ಬಂದು ಅಜ್ಜನಿಗೆ ತೋರಿಸಲಿ. ಜೀವಂತ ಆಮೆ ಸಿಕ್ಕಿದ್ದರೆ ಬಲೆ ಎಳೆಯುವುದು ಬೇಡ, ಅದನ್ನು ಮತ್ತೆ ಕಡಲಿಗೆ ತಳ್ಳುವುದೂ ಬೇಡ. ನೆರಳು ಮಾಡಿ, ಅರಣ್ಯ ಇಲಾಖೆಗೆ ತಿಳಿಸಬೇಕು. ಬೋಟು ಇರುವ ಕುಟುಂಬಗಳು ಹೊಸ ಬಲೆ ಕೊಂಡ ದಿನವೇ ಅದಕ್ಕೊಂದು ಗುರುತು ಕಟ್ಟಿ ಪುಸ್ತಕದಲ್ಲಿ ಬರೆದುಕೊಂಡರೆ ಇನ್ನೂ ಒಳ್ಳೆಯದು. ಕೊಟ್ಟದ್ದು, ಬಂದದ್ದು, ಬಾಕಿ ಇದ್ದದ್ದು ಬರೆದಿಡುವ ಅಭ್ಯಾಸ ಬಂದರಿನ ವ್ಯಾಪಾರದಲ್ಲಿ ಬೆಳೆದ ನಮ್ಮ ಮನೆಗಳಿಗೆ ಹೊಸತಲ್ಲ. ಕಡಲಿನ ಪುಟದಲ್ಲಿ ಬಾಕಿ ತುಂಬ ಇದೆ. ಅದನ್ನು ಬರೆಯಲು ಶುರುಮಾಡಬೇಕಷ್ಟೆ.